ಲೇಔಟ್ ಒಳಗೆ ಚದುರಂಗದ ಮಣೆ, ಅಂಚಿನಲ್ಲಿ ಗೋಡೆ

ಶಿವಮೊಗ್ಗದ ಸವಳಂಗ ರಸ್ತೆ ಕಡೆ ಒಂದು ಹೊಸ ಲೇಔಟ್‌ನಲ್ಲಿ ನಮ್ಮ ಮನೆ. ಹಾಲಿನ ಅಂಗಡಿ ತಾರಸಿಯಿಂದಲೇ ಕಾಣುತ್ತದೆ, ನೇರ ಗೆರೆ ಎಳೆದರೆ 300 ಮೀಟರ್. ಸ್ಕೂಟರಲ್ಲಿ ಹೋದರೆ 1.2 ಕಿಲೋಮೀಟರ್! ಆ ಸಿಟ್ಟಿಗೇ ಊರಿನ ರಸ್ತೆ ಅಳೆಯಲು ಕೂತೆ.

ಯಾರು ಬೇಕಾದರೂ ತಿದ್ದಬಹುದಾದ ಆನ್‌ಲೈನ್ ಮ್ಯಾಪ್ ಓಪನ್‌ಸ್ಟ್ರೀಟ್‌ಮ್ಯಾಪ್‌ನಿಂದ ರಸ್ತೆಗಳನ್ನು ಇಳಿಸಿಕೊಂಡು ರಸ್ತೆಜಾಲ ಅಳೆಯುವ ಓಎಸ್ಎಂಎನ್ಎಕ್ಸ್ (OSMnx) ಅನ್ನೋ ಪೈಥಾನ್ ಲೈಬ್ರರಿಗೆ ಕೊಟ್ಟೆ. ಎರಡೂ ಪುಕ್ಕಟೆ. ರಸ್ತೆ ಕೂಡುವ, ಮುಗಿಯುವ ಪ್ರತಿ ಜಾಗಕ್ಕೂ ಒಂದು ಅಂಕ: ನಾಲ್ಕು ರಸ್ತೆ ಕೂಡಿದರೆ 4, ಮೂರು ಕೂಡಿದರೆ 3, ಮುಂದೆ ದಾರಿಯೇ ಇಲ್ಲದಿದ್ದರೆ 1. ಸರಾಸರಿ ಜಾಸ್ತಿ ಬಂದಷ್ಟೂ ಓಡಾಟ ಸಲೀಸು.

ಊರಿನ ಹಳೇ ಬಡಾವಣೆ ದುರ್ಗಿಗುಡಿ ಜೊತೆ ಹೋಲಿಸಿದೆ. ನಮ್ಮ ಲೇಔಟೂ ಚೆನ್ನಾಗೇ ಪಾಸಾಯಿತು! ತಪ್ಪು ನನ್ನದೇ, ಲೇಔಟ್‌ನ ಗಡಿಗೇ ಮ್ಯಾಪ್ ಕತ್ತರಿಸಿದ್ದೆ. ಒಳಗೆ ಎಲ್ಲಾ ನೆಟ್ಟಗೆ ಚೌಕಚೌಕ. ತೊಂದರೆ ಇರುವುದು ಅಂಚಿನಲ್ಲಿ. ಒಂದು ಗದ್ದೆ ಈ ವರ್ಷ ಸೈಟ್ ಆಗುತ್ತದೆ, ಪಕ್ಕದ್ದು ಐದು ವರ್ಷ ಬಿಟ್ಟು, ಇನ್ನೊಬ್ಬರ ಕೈಯಲ್ಲಿ. ಅವರ ಅಡ್ಡರಸ್ತೆಗೂ ಇವರದ್ದಕ್ಕೂ ಸಂಬಂಧವೇ ಇಲ್ಲ, ನಡುವೆ ಒಂದು ಕಾಂಪೌಂಡ್. ನೆಹರು ರಸ್ತೆ ಕಡೆ ಒಂದು ತಿರುವು ತಪ್ಪಿದರೆ ಮುಂದಿನ ಅಡ್ಡರಸ್ತೆ ಹಿಡಿಯಬಹುದು, ಇಲ್ಲಿ ವಾಪಸ್ ಮೇನ್ ರೋಡಿಗೇ ಬರಬೇಕು.

ಆಮೇಲೆ ಅಳತೆ ಬದಲಿಸಿದೆ, ಗಡಿಯಾಚೆಗೂ ಒಂದು ಕಿಲೋಮೀಟರ್ ಮ್ಯಾಪ್ ತಗೊಂಡು, ಮನೆಯಿಂದ ಅಂಗಡಿ, ಶಾಲೆ, ಬಸ್ ಸ್ಟಾಪಿಗೆ ರಸ್ತೆ ದೂರ ಎಷ್ಟು, ನೇರ ದೂರ ಎಷ್ಟು ಅಂತ ಭಾಗಿಸಿ ನೋಡಿದೆ. ಆಗ ನಮ್ಮ ಬಂಡವಾಳ ಬಯಲಾಯಿತು. ಮ್ಯಾಪನ್ನೂ ಪೂರ್ತಿ ನಂಬಬೇಡಿ. ಎರಡು ಭಾನುವಾರ ಸುತ್ತಿದೆ, ಮ್ಯಾಪಲ್ಲಿ ಕೂಡಿದ್ದ ಕಡೆ ಗೇಟ್ ಇತ್ತು. ಒಬ್ಬ ಅಜ್ಜಿ ಕಟ್ಟೆ ಮೇಲಿಂದಲೇ, "ಮುಂದೆ ದಾರಿ ಇಲ್ಲ ಕಣಪ್ಪಾ, ದಿನಾ ಯಾರಾದ್ರೂ ಹೀಗೇ ಬಂದು ಗಾಡಿ ತಿರುಗಿಸ್ಕೊಂಡು ಹೋಗ್ತಾರೆ" ಅಂದರು.

ಇದು ನಮ್ಮೂರಿನ ಗೋಳು ಮಾತ್ರ ಅಲ್ಲ. ಬ್ಯಾರಿಂಗ್ಟನ್-ಲೀ ಮತ್ತು ಮಿಲ್ಲರ್ಡ್-ಬಾಲ್ ಅನ್ನೋ ಇಬ್ಬರು ಸಂಶೋಧಕರು 2020ರಲ್ಲಿ ಇದೇ ಓಪನ್‌ಸ್ಟ್ರೀಟ್‌ಮ್ಯಾಪ್ ಇಟ್ಟುಕೊಂಡು ಜಗತ್ತಿನ ರಸ್ತೆಗಳನ್ನು ಅಳೆದರು. ಅವರ ಲೆಕ್ಕದಲ್ಲಿ 1975ರಿಂದೀಚೆಗೆ ಬಹಳ ಕಡೆ ಹೊಸ ರಸ್ತೆಗಳು ಒಂದಕ್ಕೊಂದು ಕೂಡುವುದು ಕಡಿಮೆಯಾಗಿದೆ. ಮನೆ ಎದ್ದ ಮೇಲೆ ರಸ್ತೆ ಕೂಡಿಸುವುದು ಕಷ್ಟ, ಗೊತ್ತಲ್ವಾ. ಡೆನ್ಮಾರ್ಕ್, ಜರ್ಮನಿ ಕಡೆ ಕಾರಿಗೆ ದಾರಿ ಮುಗಿದರೂ ನಡೆಯುವವರಿಗೆ, ಸೈಕಲ್ಲಿಗೆ ಸಂದು ಬಿಡುತ್ತಾರೆ.

ನಮ್ಮಲ್ಲೂ ಯಾರೋ ಪುಣ್ಯಾತ್ಮರು ಕಾಂಪೌಂಡಿನ ನಾಲ್ಕು ಇಟ್ಟಿಗೆ ಕಿತ್ತಿದ್ದರು. ಮ್ಯಾಪಿಗೆ ಕಾಲುದಾರಿ ಅಂತ ಒಂದು ಗೆರೆ ಸೇರಿಸಿದೆ, 1.2 ಕಿಲೋಮೀಟರ್ 400 ಮೀಟರಿಗೆ ಇಳಿಯಿತು. ಮೊನ್ನೆ ಹಾಲಿಗೆ ಹೊರಟರೆ ಅಲ್ಲಿ ಹಸಿ ಸಿಮೆಂಟ್. ಮನೆಗೆ ಬಂದು ಗೆರೆ ಅಳಿಸಿದೆ.