ಬ್ಯಾಂಕಾಕ್‌ನಲ್ಲಿ ಇಂಗ್ಲಿಷ್ ಕಲಿಸೋದು ಕಲಿತೆ

ಬ್ಯಾಂಕಾಕ್‌ಗೆ ಬರುವ ಮುಂಚೆ ನಾನು ಎಂಟು ವರ್ಷ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡಿದ್ದೆ. ಪದ್ಯ ಓದಿ ಅರ್ಥ ಹೇಳುವುದು, ಗ್ರಾಮರ್ ನಿಯಮ ಬೋರ್ಡಿನ ಮೇಲೆ ಬರೆಯುವುದು, ಮಕ್ಕಳು ಬರೆದುಕೊಳ್ಳುವುದು. ಇಲ್ಲಿ ಕೆಲಸ ಹುಡುಕಿದಾಗ ಎಲ್ಲರೂ ಸೆಲ್ಟಾ ಇದೆಯಾ ಅಂತ ಕೇಳಿದರು. ಅದು ಬೇರೆ ಭಾಷೆಯವರಿಗೆ ಇಂಗ್ಲಿಷ್ ಕಲಿಸುವವರಿಗೆ ಕೇಂಬ್ರಿಡ್ಜ್‌ನವರು ಕೊಡುವ ಸರ್ಟಿಫಿಕೇಟ್. ಸೇರಿಕೊಂಡೆ.

ಪೂರ್ತಿ ದಿನದ ಕೋರ್ಸ್ ಆದರೆ ನಾಲ್ಕು ವಾರ, ಕಡಿಮೆ ಅಂದರೂ 120 ಗಂಟೆ. ನಾಲ್ಕು ಅಸೈನ್‌ಮೆಂಟ್. ಅದರ ಜೊತೆ ನಿಜವಾದ ವಿದ್ಯಾರ್ಥಿಗಳಿಗೆ ಒಟ್ಟು 6 ಗಂಟೆ ಪಾಠ ಮಾಡಬೇಕು. ಆರೇ ಗಂಟೆ, ಕಡಿಮೆ ಅನ್ನಿಸುತ್ತೆ ಅಲ್ವಾ? ಮುಕ್ಕಾಲು ಗಂಟೆಯ ಒಂದು ಪಾಠಕ್ಕೆ ಪ್ಲಾನ್ ಬರೆದು ಮುಗಿಸುವಷ್ಟರಲ್ಲಿ ರಾತ್ರಿ ಎರಡು ಗಂಟೆ ಆಗುತ್ತಿತ್ತು.

ಮೊದಲ ಪಾಠದಲ್ಲಿ ಪೂರ್ತಿ ಹೊತ್ತು ನಾನೇ ಮಾತಾಡಿದೆ. ನಡುನಡುವೆ ಅರ್ಥ ಆಯ್ತಾ ಅಂತ ಕೇಳಿದೆ. ಎಲ್ಲರೂ ನಗುತ್ತಾ ತಲೆ ಆಡಿಸಿದರು. ಥಾಯ್ ಜನಕ್ಕೆ ಎದುರಿನವರಿಗೆ ತೊಂದರೆ ಕೊಡಬಾರದು ಅನ್ನುವ ಸಂಕೋಚ ಬಹಳ. ಅದಕ್ಕೆ ಅವರು ‘ಕ್ರೆಂಗ್ ಜೈ’ ಅನ್ನುತ್ತಾರೆ. ನಮ್ಮ ಕಡೆಯ ಮಕ್ಕಳು ‘ಹೂಂ ಮಿಸ್’ ಅನ್ನುವುದೂ ಹೆಚ್ಚುಕಡಿಮೆ ಇದೇ. ಹಿಂದೆ ಕೂತಿದ್ದ ಟ್ರೈನರ್ ಆಮೇಲೆ ಹೇಳಿದರು: ಅರ್ಥ ಆಯ್ತಾ ಅಂತ ಕೇಳಬೇಡಿ, ಅರ್ಥ ಆಗಿದ್ದರೆ ಮಾತ್ರ ಉತ್ತರಿಸಲು ಆಗುವಂಥ ಪ್ರಶ್ನೆ ಕೇಳಿ.

ಅದು ನನಗೆ ನಿಜವಾಗಿ ತಿಳಿದದ್ದು ‘ಯೂಸ್ಡ್ ಟು’ ಪಾಠದ ದಿನ. ಒಬ್ಬ ಹೆಂಗಸು ‘ಐ ಯೂಸ್ಡ್ ಟು ಗೋ ಟು ಜಪಾನ್’ ಅಂತ ಬರೆದಿದ್ದರು. ವಾಕ್ಯದಲ್ಲಿ ಒಂದು ತಪ್ಪೂ ಇಲ್ಲ. ಹಿಂದಿನ ನಾನಾಗಿದ್ದರೆ ಗುಡ್ ಅಂತ ಹೇಳಿ ಮುಂದೆ ಹೋಗುತ್ತಿದ್ದೆ. ಎಷ್ಟು ಸಲ ಹೋಗಿದ್ದೀರಿ ಅಂತ ಕೇಳಿದೆ. ಒಂದೇ ಸಲ ಅಂದರು. ಇಂಗ್ಲಿಷಿನ ‘ಯೂಸ್ಡ್ ಟು ಗೋ’ ಹಿಂದೆ ಮತ್ತೆ ಮತ್ತೆ ಹೋಗುತ್ತಿದ್ದು ಈಗ ಹೋಗದಿದ್ದರೆ ಬರುತ್ತದೆ, ಒಂದೇ ಸಲ ಹೋಗಿದ್ದಕ್ಕೆ ಬರಲ್ಲ. ಥಾಯ್ ಭಾಷೆಯಲ್ಲಿ ಒಂದು ಪದವಿದೆ, ಹೆಚ್ಚುಕಡಿಮೆ ‘ಖೋಯ್’ ಅಂತ ಕೇಳಿಸುತ್ತದೆ. ಒಂದು ಸಲ ಹೋಗಿ ಬಂದಿದ್ದರೂ ಅದೇ ಪದ, ಹಿಂದೆ ಯಾವಾಗಲೂ ಹೋಗುತ್ತಿದ್ದರೂ ಅದೇ ಪದ.

ನನ್ನ ಕಥೆಯೂ ಅಷ್ಟೇ. ಹಿಂದಿನ ದಿನ ಜೊತೆಯವರಿಗೆ ‘ಚಿಕ್ಕವಳಿದ್ದಾಗ ಐ ವಾಸ್ ಗೋಯಿಂಗ್ ಟು ದಿ ರಿವರ್ ಎವ್ರಿ ಸಂಡೇ’ ಅಂದಿದ್ದೆ. ಅಲ್ಲಿ ‘ಯೂಸ್ಡ್ ಟು ಗೋ’ ಬರಬೇಕಿತ್ತು. ಯಾಕೆ ಹಾಗೆ ಬಂತು? ಕನ್ನಡದಲ್ಲಿ ‘ಹೋಗುತ್ತಿದ್ದೆ’ ಒಂದೇ. ನಿನ್ನೆ ನೀನು ಫೋನ್ ಮಾಡಿದಾಗ ಪೇಟೆಗೆ ಹೋಗುತ್ತಿದ್ದೆ. ಚಿಕ್ಕವಳಿದ್ದಾಗ ಹೊಳೆಗೆ ಹೋಗುತ್ತಿದ್ದೆ. ಎರಡಕ್ಕೂ ನಮಗೆ ಒಂದೇ ರೂಪ ಸಾಕು. ಇಷ್ಟು ವರ್ಷ ಇಂಗ್ಲಿಷ್ ಓದಿ, ಕಲಿಸಿಯೂ ಇದನ್ನು ನಾನು ಗಮನಿಸಿರಲಿಲ್ಲ. ತಪ್ಪು ಸೋಮಾರಿತನದಿಂದ ಬರಲ್ಲ, ತಾಯಿನುಡಿ ತೋರಿಸಿದ ದಾರಿಯಲ್ಲೇ ಬರುತ್ತದೆ ಅಂತ ಆವತ್ತು ಕಂಡಿತು. ನನ್ನ ಹಳೆಯ ವಿದ್ಯಾರ್ಥಿಗಳ ಪೇಪರ್‌ಗಳಲ್ಲಿ ಕೆಂಪು ಇಂಕಿನಲ್ಲಿ ಗೀರು ಹಾಕಿದ್ದೆಲ್ಲ ನೆನಪಾಗಿ ಹೊಟ್ಟೆ ಚುರುಕ್ ಅಂದಿತು.

ಬೋರ್ಡಿನ ಮೇಲೆ ಉದ್ದ ಗೆರೆ ಎಳೆದೆ. ಒಂದು ತುದಿ ಹಿಂದಿನ ಕಾಲ, ನಡುವೆ ‘ಈಗ’. ಹಿಂದಿನ ಭಾಗದಲ್ಲಿ ಒಂದೇ ಒಂದು ಗುರುತು ಹಾಕಿದೆ. ಅದರ ಕೆಳಗೆ ಇನ್ನೊಂದು ಗೆರೆ, ಅಲ್ಲಿ ಸಾಲಾಗಿ ಏಳೆಂಟು ಗುರುತು, ‘ಈಗ’ ಬರುವ ಮುಂಚೆಯೇ ನಿಲ್ಲಿಸಿದೆ. ಆಮೇಲೆ ಎರಡೇ ಪ್ರಶ್ನೆ: ಒಂದು ಸಲವಾ, ತುಂಬಾ ಸಲವಾ? ಈಗಲೂ ಹೋಗ್ತೀರಾ? ಆ ಹೆಂಗಸು ಒಂದು ಗುರುತಿನ ಗೆರೆ ತೋರಿಸಿದರು. ಪುಸ್ತಕದಲ್ಲಿ ವಾಕ್ಯ ಅಳಿಸಿ ‘ಐ ಹ್ಯಾವ್ ಬೀನ್ ಟು ಜಪಾನ್’ ಅಂತ ಬರೆದರು. ಆಮೇಲೆ ಪಕ್ಕದ ಹುಡುಗನ ಕಡೆ ತಿರುಗಿ ಥಾಯ್‌ನಲ್ಲೇ ವಿವರಿಸತೊಡಗಿದರು, ಬೆರಳಿನಿಂದ ಮೇಜಿನ ಮೇಲೆ ಗೆರೆ ಎಳೆದು. ಇಂಗ್ಲಿಷಿನಲ್ಲೇ ಮಾತಾಡಿ ಅಂತ ನಾನು ಹೇಳಲಿಲ್ಲ. ಸುಮ್ನೆ ನಿಂತು ಕೇಳಿದೆ.

ಈಗ ಶನಿವಾರಗಳಂದು ಇಲ್ಲಿನ ನಾಲ್ಕು ಜನ ಕನ್ನಡದ ಹೆಂಗಸರಿಗೆ ನಮ್ಮ ಮನೆಯಲ್ಲೇ ಇಂಗ್ಲಿಷ್ ಹೇಳಿಕೊಡುತ್ತೇನೆ. ಈ ಪಾಠ ಬಂದಾಗ ಬೋರ್ಡಿನ ಮೇಲೆ ಮೊದಲು ಬರೆಯುವುದು ಕನ್ನಡದಲ್ಲೇ: ಹೋಗುತ್ತಿದ್ದೆ.