ವಿಜಯಪುರದಲ್ಲಿ ಒಬ್ಬಳೇ ಕಳೆದ ಒಂದು ದಿನ: ಮೊದಲು ಮ್ಯೂಸಿಯಂ, ಆಮೇಲೆ ಪೇಟೆ

ನಾನು ಜಮಖಂಡಿ ತಾಲೂಕಿನ ಹಳ್ಳಿಯೊಂದರಲ್ಲಿ ಹೊಲಿಗೆ ಕೆಲಸ ಮಾಡುವವಳು. ವಿಜಯಪುರಕ್ಕೆ ಚಿಕ್ಕಂದಿನಿಂದ ಹತ್ತಾರು ಸಲ ಹೋಗಿದ್ದೇನಾದರೂ ಅವೆಲ್ಲ ಮದುವೆಯ ಜವಳಿಗೋ ಆಸ್ಪತ್ರೆಗೋ ಮನೆಮಂದಿಯ ಜೊತೆ ಅವಸರದಲ್ಲಿ ಹೋಗಿಬಂದ ದಿನಗಳು. ಗೋಳಗುಮ್ಮಟದ ಎದುರಿಗಿರುವ ಮ್ಯೂಸಿಯಂ ನೋಡಬೇಕೆಂದು ಒಮ್ಮೆ ಒಬ್ಬಳೇ ಹೊರಟಾಗ ಅದು ಶುಕ್ರವಾರವಾಗಿತ್ತು. ಶುಕ್ರವಾರ ಅದಕ್ಕೆ ರಜೆ ಎಂಬುದು ಬಾಗಿಲಿಗೆ ಬೀಗ ಕಂಡ ಮೇಲೆ ತಿಳಿಯಿತು. ಆದ್ದರಿಂದ ಎರಡನೆಯ ಸಲ ಮಂಗಳವಾರವನ್ನು ಆರಿಸಿಕೊಂಡೆ. ಮ್ಯೂಸಿಯಂ ಬೆಳಿಗ್ಗೆ 10ಕ್ಕೆ ತೆರೆದು ಸಂಜೆ 5ಕ್ಕೆ ಮುಚ್ಚುತ್ತದೆ. ಅದಕ್ಕೆ ಮೊದಲು ಗುಮ್ಮಟ, ಆಮೇಲೆ ಊಟ, ಕೊನೆಗೆ ಪೇಟೆ ಎಂದು ದಿನವನ್ನು ಹಂಚಿಕೊಂಡೆ. ಕೊಂಡ ಸಾಮಾನಿನ ಚೀಲ ಹೊತ್ತುಕೊಂಡು ಮ್ಯೂಸಿಯಂ ಸುತ್ತುವುದು ಕಷ್ಟ, ಅದನ್ನು ಹಿಡಿದುಕೊಳ್ಳಲು ಜೊತೆಗೆ ಇನ್ನೊಬ್ಬರಿಲ್ಲದಾಗ ಈ ಕ್ರಮವೇ ಸರಿ.

ಮೊದಲ ಬಸ್ಸಿಗೆ ಹೊರಟಿದ್ದರಿಂದ ಎಂಟರ ಹೊತ್ತಿಗೆ ಗುಮ್ಮಟದ ಒಳಗಿದ್ದೆ. ಶಾಲೆಯ ಪ್ರವಾಸದ ಮಕ್ಕಳು ಬಂದಮೇಲೆ ಮೇಲಿನ ಪಿಸುಗುಟ್ಟುವ ಗ್ಯಾಲರಿಯಲ್ಲಿ ಕೂಗಿನ ಹೊರತು ಬೇರೇನೂ ಕೇಳಿಸುವುದಿಲ್ಲ. ಬೆಳಗಿನ ಆ ಹೊತ್ತಿನಲ್ಲಿ ಅಲ್ಲಿದ್ದವರು ನಾಲ್ಕೈದು ಜನ ಮಾತ್ರ. ಗೋಡೆಗೆ ಬಾಯಿ ಹಚ್ಚಿ ಸಣ್ಣಗೆ ಆಡಿದ ಮಾತು ಸುಮಾರು 38 ಮೀಟರ್ ಆಚೆಯ ಗೋಡೆಯ ಬಳಿ ಸ್ಪಷ್ಟವಾಗಿ ಕೇಳುತ್ತದೆ ಎಂಬುದನ್ನು ಅಲ್ಲಿದ್ದ ಒಬ್ಬ ಅಜ್ಜಿ ತಮ್ಮ ಮೊಮ್ಮಗಳಿಗೆ ತೋರಿಸುತ್ತಿದ್ದರು, ಆ ಮಾತು ನನ್ನ ಕಿವಿಗೂ ಬಿತ್ತು.

ಕೆಳಗಿಳಿದು ನಡುವೆ ನಿಂತು ತಲೆ ಎತ್ತಿದಾಗ ನಾನು ಹುಡುಕಿದ್ದು ಕೂಡಿಕೆಯನ್ನು. ನಲವತ್ತೊಂದು ಮೀಟರಿನಷ್ಟು ಅಗಲದ ಚೌಕ ಕೋಣೆಯ ಮೇಲೆ ದುಂಡನೆಯ ಗುಮ್ಮಟ ಕೂರುವುದು ಹೇಗೆ? ತೋಳಿನ ದುಂಡನ್ನು ಮೈಯ ಬಟ್ಟೆಗೆ ಕೂಡಿಸಿ ಅಭ್ಯಾಸವಾದ ನನಗೆ ಈ ಪ್ರಶ್ನೆ ತಾನಾಗಿ ಬಂತು. ಒಂದು ಚೌಕದ ಮೇಲೆ ಇನ್ನೊಂದು ಚೌಕವನ್ನು ತಿರುಗಿಸಿ ಇಟ್ಟ ಹಾಗೆ ಎಂಟು ಕಮಾನುಗಳು ಒಂದನ್ನೊಂದು ಹಾಯ್ದು ಮೇಲೇಳುತ್ತವೆ. ಮೂಲೆಗಳು ಮೇಲೆ ಹೋದಂತೆ ಕರಗಿ, ಗುಮ್ಮಟದ ಬುಡಕ್ಕೆ ದುಂಡಾದ ಆಸರೆ ಸಿಗುತ್ತದೆ. ಇದನ್ನು ಅರ್ಥ ಮಾಡಿಕೊಳ್ಳಲು ನನಗೆ ಇಪ್ಪತ್ತು ನಿಮಿಷ ಹಿಡಿಯಿತು, ಜೊತೆಗೆ ಯಾರಾದರೂ ಇದ್ದಿದ್ದರೆ ಅಷ್ಟು ಹೊತ್ತು ನಿಲ್ಲಲು ಖಂಡಿತ ಆಗುತ್ತಿರಲಿಲ್ಲ. ಹೊರಗೆ ದಕ್ಷಿಣ ಬಾಗಿಲಿನ ಮೇಲೆ ಪಾರ್ಸಿ ಬರಹವಿದೆ. ಆ ಲಿಪಿಯಲ್ಲಿ ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆಯ ಬೆಲೆ ಇರುತ್ತದೆ; ಬರಹದ ಮೂರು ಸಾಲುಗಳಲ್ಲಿ ಒಂದೊಂದರ ಅಕ್ಷರಗಳ ಬೆಲೆ ಕೂಡಿಸಿದರೂ ಹಿಜರಿ 1067 ಬರುತ್ತದೆ. ಅದು ಈ ಗುಮ್ಮಟದಲ್ಲಿ ಸಮಾಧಿಯಾದ ವಿಜಯಪುರದ ಸುಲ್ತಾನ ಮೊಹಮ್ಮದ್ ಆದಿಲ್ ಶಾಹ ತೀರಿಕೊಂಡ ವರ್ಷ, ನಮ್ಮ ಲೆಕ್ಕಕ್ಕೆ 1656.

ಮ್ಯೂಸಿಯಂ ಇರುವುದು ಗುಮ್ಮಟದ ಮುಂದಿನ ನಗಾರಖಾನೆಯಲ್ಲಿ, ಅಂದರೆ ನಗಾರಿ ಬಾರಿಸುವ ಕಟ್ಟಡದಲ್ಲಿ. 1892ರಲ್ಲಿ ಆರಂಭವಾದ ಈ ಸಂಗ್ರಹವನ್ನು ಈಗ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆ ನೋಡಿಕೊಳ್ಳುತ್ತದೆ. ವೈದಿಕ ಮತ್ತು ಜೈನ ಶಿಲ್ಪಗಳು, ಕನ್ನಡ, ಸಂಸ್ಕೃತ, ಅರಬ್ಬಿ, ಪಾರ್ಸಿ ಶಾಸನಗಳು, ಆಯುಧಗಳು, ಕಿರುಚಿತ್ರಗಳು, ಚೀನಾದ ಪಿಂಗಾಣಿ ಎಲ್ಲವೂ ಅಲ್ಲಿವೆ. ಎಲ್ಲವನ್ನೂ ನೋಡುತ್ತೇನೆಂದು ಹೋದರೆ ಒಂದೂ ಉಳಿಯುವುದಿಲ್ಲ ಎಂಬ ಅಂಜಿಕೆಯಿಂದ, ಮೊದಲು ಎಲ್ಲ ಕೋಣೆಗಳನ್ನು ಅರ್ಧ ತಾಸಿನಲ್ಲಿ ಸುತ್ತಿ ಬಂದು, ಎರಡೇ ವಸ್ತುಗಳಿಗೆ ಮರಳಿ ಹೋದೆ. ಒಂದು, ಕನ್ನಡ ಶಾಸನದ ಕಲ್ಲು. ಹಳೆಯ ಲಿಪಿ ಓದಲು ನನಗೆ ಬಾರದು. ಆದರೂ ಒಂದೊಂದೇ ಸಾಲಿನ ಗುಂಟ ಕಣ್ಣು ಸರಿಸುತ್ತ ಹೋದರೆ ಅಲ್ಲೊಂದು ‘ರ’, ಇಲ್ಲೊಂದು ‘ನ’ ಪರಿಚಯದವರ ಮುಖದಂತೆ ಎದುರಾಗುತ್ತವೆ. ಗುರುತು ಸಿಕ್ಕ ಅಕ್ಷರಗಳನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ.

ಇನ್ನೊಂದು, ಹಳೆಯ ಗಾಲೀಚೆ. ನೇಯ್ಗೆಯ ವಸ್ತು ಎಂದರೆ ನಾನು ಅಲ್ಲಿಂದ ಬೇಗ ಕದಲುವವಳಲ್ಲ. ನೂಲು ಸವೆದು ತಳದ ಎಳೆ ಕಾಣುವ ಕಡೆ ನೋಡಿದರೆ ನೇಕಾರನ ಕೈ ನಡೆದ ದಾರಿ ತಿಳಿಯುತ್ತದೆ. ಮೇಲ್ಮೈ ಚೆಂದವಾಗಿ ಉಳಿದ ಕಡೆ ಅದು ಮುಚ್ಚಿಹೋಗಿರುತ್ತದೆ. ಅಂಚಿನ ಬಳ್ಳಿ ಮೂಲೆಗೆ ಬಂದಾಗ ಹೇಗೆ ತಿರುಗಿದೆ, ಅಂಚಿನ ಬಣ್ಣ ನಡುವಿನ ಬಣ್ಣವನ್ನು ಎಲ್ಲಿ ಮುಟ್ಟಿದೆ ಎಂದು ಬಗ್ಗಿ ನೋಡುತ್ತಿದ್ದಾಗ ಅಲ್ಲಿನ ಸಿಬ್ಬಂದಿ ಹತ್ತಿರ ಬಂದು, ಮುಟ್ಟಬೇಡಿರೆಂದು ಹೇಳಿ, ನಾನು ನೋಡುತ್ತಿದ್ದ ಕಾರಣ ಕೇಳಿ, ಬೆಳಕು ಚೆನ್ನಾಗಿ ಬೀಳುವ ಕಡೆಗೆ ನಿಲ್ಲಲು ಹೇಳಿದರು. ಅವರಿಗೆ ನಾನು ಋಣಿ.

ಮಧ್ಯಾಹ್ನ ಖಾನಾವಳಿಯಲ್ಲಿ ಎರಡು ಬಿಸಿ ರೊಟ್ಟಿ, ಎಣಗಾಯಿ, ಶೇಂಗಾ ಹಿಂಡಿ, ಮೊಸರು ಉಂಡೆ. ಒಬ್ಬಳೇ ಬಂದ ಹೆಂಗಸಿಗೆ ಅಲ್ಲಿ ಯಾವ ಮುಜುಗರವೂ ಆಗಲಿಲ್ಲ.

ಪೇಟೆಗೆ ಮೂರು ಸಾವಿರ ರೂಪಾಯಿ ಬೇರೆ ತೆಗೆದಿಟ್ಟಿದ್ದೆ. ಬೇಕಾಗಿದ್ದುದು ಒಂದು ಇಳಕಲ್ ಸೀರೆ, ಗುಳೇದಗುಡ್ಡದ ಎರಡು ಖಣ, ಮತ್ತು ಒಂದು ಕಿಲೋ ಒಣದ್ರಾಕ್ಷಿ. ಮೊದಲು ಹೊಕ್ಕ ಅಂಗಡಿಯಲ್ಲಿ ಕೈಮಗ್ಗದ್ದೆಂದು ತೋರಿಸಿದ ಸೀರೆಯ ಸೆರಗನ್ನು ತಿರುವಿ ನೋಡಿದರೆ ಕೂಡಿಕೆಯೇ ಇರಲಿಲ್ಲ. ಮೈಯ ಹಾಸು ಎಳೆಗಳೇ, ಅಂದರೆ ಉದ್ದಕ್ಕೆ ಹಾಯುವ ನೂಲುಗಳೇ, ಸೆರಗಿನೊಳಗೂ ಮುಂದುವರಿದಿದ್ದವು. ನಿಜವಾದ ಇಳಕಲ್ ಸೀರೆಯಲ್ಲಿ ಮೈಯ ಹಾಸು ಬೇರೆ, ಸೆರಗಿನ ಹಾಸು ಬೇರೆ. ಮಗ್ಗದ ಮೇಲೆ ಈ ಎಳೆಯ ಕುಣಿಕೆಯೊಳಗೆ ಆ ಎಳೆಯ ಕುಣಿಕೆಯನ್ನು ತೊಡಿಸಿ ಒಂದೊಂದಾಗಿ ಕೂಡಿಸುತ್ತಾರೆ. ಇದನ್ನೇ ಕೊಂಡಿ ಎನ್ನುವುದು. ಟೋಪು ತೆನೆ ಎಂಬ ವಿನ್ಯಾಸದ ಕೆಂಪು ಸೆರಗು ಅಲ್ಲಿಂದ ಶುರುವಾಗುತ್ತದೆ. ನಾನು ಏನನ್ನೂ ವಾದಿಸದೆ ಎದ್ದು ಬಂದೆ.

ಎರಡನೆಯ ಅಂಗಡಿಯ ಹಿರಿಯರು ನಾನು ಸೆರಗು ತಿರುವುವುದನ್ನು ಕಂಡ ಕೂಡಲೇ, “ಬೆಳಕಿಗೆ ಹಿಡಿದು ನೋಡ್ರಿ ಅಕ್ಕಾರ, ಕೊಂಡಿ ಕಾಣತಾವ” ಎಂದು ತಾವೇ ಸೀರೆಯನ್ನು ಬಾಗಿಲ ಬಳಿ ತಂದು ಹಿಡಿದರು. ಸಾಲಾಗಿ ಸಣ್ಣ ಸಣ್ಣ ಕುಣಿಕೆಗಳು, ಒಂದರ ಕೊರಳಲ್ಲಿ ಒಂದು. ಬೆಳಿಗ್ಗೆಯಿಂದ ಕೂಡಿಕೆಗಳನ್ನೇ ನೋಡಿ ಹದವಾಗಿದ್ದ ಕಣ್ಣಿಗೆ ಅವು ಚೆನ್ನಾಗಿ ಕಂಡವು. ಬೆಲೆಯಲ್ಲಿ ನೂರು ರೂಪಾಯಿ ಬಿಡಿಸಿಕೊಳ್ಳಬಹುದಿತ್ತೇನೋ, ಕೇಳಲು ಮನಸ್ಸಾಗಲಿಲ್ಲ.

ಖಣ ಆರಿಸುವಾಗ ಮಡಿಕೆ ಬಿಚ್ಚಿಸಿ ಎರಡೂ ಅಂಚು ಪೂರ್ತಿ ನೋಡಿದೆ. ಕುಬಸಕ್ಕೆ ಕತ್ತರಿಸುವಾಗ ಅಂಚು ತೋಳಿನ ತುದಿಗೆ ಬರಬೇಕು. ಎರಡು ಅಂಚುಗಳ ಅಗಲದಲ್ಲಿ ಒಂದು ನೂಲಿನಷ್ಟು ವ್ಯತ್ಯಾಸವಿದ್ದರೂ ತೊಟ್ಟವರ ತೋಳಿನಲ್ಲಿ ಅದು ಎದ್ದು ಕಾಣುತ್ತದೆ. ನಾಲ್ಕು ಖಣ ಬದಿಗಿಟ್ಟು ಐದನೆಯದನ್ನೂ ಏಳನೆಯದನ್ನೂ ತೆಗೆದುಕೊಂಡೆ. ದ್ರಾಕ್ಷಿ ಕೊಂಡು ಆರರ ಬಸ್ಸು ಹಿಡಿದೆ. ಮರುದಿನ ಬೆಳಿಗ್ಗೆ ಮೊದಲ ಖಣಕ್ಕೆ ಕತ್ತರಿ ಹಾಕಿದೆ.