ನಿಮ್ಮೂರ ಹೆಂಗಸರು ಓಟು ಹಾಕಿದ ಕತೆ ಹುಡುಕೋದು ಹೆಂಗೆ

ನಮ್ಮ ಹಾಸನ, ಚಿಕ್ಕಮಗಳೂರು ಕಡೆ ಊರಿನ ಚರಿತ್ರೆ ಬರೀತೀನಿ ಅಂತ ಹೊರಟೋರು ಹೊಯ್ಸಳರನ್ನ ಬಿಟ್ಟು ಈಚೆ ಬರೋದೇ ಕಮ್ಮಿ. ಅಜ್ಜಿಯರು ಯಾವಾಗಿಂದ ಓಟು ಹಾಕ್ತಿದ್ರು ಅಂತ ಹುಡುಕೋ ಮನಸ್ಸಿದ್ರೆ ಮೊದ್ಲು ಅವರನ್ನೇ ಮಾತಾಡ್ಸಿ, ಕಾಗದಪತ್ರ ಆಮೇಲೆ ನೋಡಿದ್ರಾಯ್ತು.

ಇಸವಿ ಕೇಳಿದ್ರೆ ಯಾರಿಗೂ ನೆನಪಿರಲ್ಲ. ಓಟು ಹೆಂಗೆ ಹಾಕಿದ್ರಿ ಅಂತ ಕೇಳಿ. ಒಂದೊಂದು ಗುರ್ತಿಗೂ ಬೇರೆ ಬೇರೆ ಡಬ್ಬ ಇತ್ತು, ಚೀಟಿ ತಗೊಂಡೋಗಿ ಬೇಕಾದ ಡಬ್ಬಕ್ಕೆ ಹಾಕ್ತಿದ್ವಿ ಅಂದ್ರೆ ಅದು 1952 ಇಲ್ಲಾ 1957, ಸೀಲು ಒತ್ತಿದ್ವಿ ಅಂದ್ರೆ ಅದಾದ ಮೇಲಿನದು. ಆಗ ಯಾವ್ಯಾವ ಗುರ್ತು ಇತ್ತಜ್ಜಿ ಅಂತಾನೂ ಕೇಳಿ, ಕಾಂಗ್ರೆಸ್ಸಿಗೆ ಜೋಡೆತ್ತು ಇತ್ತು ಅಂದ್ರೆ 1967ರ ತನಕ, ಹಸು-ಕರು ಅಂದ್ರೆ 1971ರಿಂದ 1977, ಕೈ ಬಂದಿದ್ದು 1978ರಲ್ಲಿ. ಯಾರಿಗೆ ಹಾಕಿದ್ರಿ ಅಂತ ಮಾತ್ರ ಕೆದಕ್ಬೇಡಿ, ಅದು ಅವರ ಗುಟ್ಟು. ಚಿಕ್ಕಮಗಳೂರು ಕಡೆಯವರಾದ್ರೆ 1978ರ ಬೈಎಲೆಕ್ಷನ್ ಅಂದ್ರೆ ಸಾಕು, ಇಂದಿರಾ ಗಾಂಧಿ ವೀರೇಂದ್ರ ಪಾಟೀಲರ ಎದುರು ನಿಂತು ಗೆದ್ದಿದ್ದು, ಅಜ್ಜಿಯರು ಮಾತು ನಿಲ್ಸೋದೇ ಇಲ್ಲ. ಆದ್ರೆ ಓಟಿನ ವಯಸ್ಸು ಆಗ 21, ಅದು 18 ಆಗಿದ್ದು 1989ರಲ್ಲಿ, ಹಂಗಾಗಿ 1957ರ ಈಚೆಗೆ ಹುಟ್ಟಿದೋರು ಆವತ್ತು ನಾನೂ ಹಾಕ್ದೆ ಅಂದ್ರೆ ಸ್ವಲ್ಪ ತಾಳೆ ನೋಡಿ.

ಇನ್ನೊಂದು ವಿಷ್ಯ, ದೊಡ್ಡ ಮನೆಯವರನ್ನ ಮಾತ್ರ ಕೇಳಿ ಎದ್ದು ಬರ್ಬೇಡಿ. ಮೈಸೂರು ಸಂಸ್ಥಾನದಲ್ಲಿ ಪ್ರಜಾಪ್ರತಿನಿಧಿ ಸಭೆಗೆ ಹೆಂಗಸರೂ ಓಟು ಹಾಕ್ಬೋದು ಅಂತ ಆಗಿದ್ದು 1923ರ ಸುಧಾರಣೆ ಹೊತ್ತಿಗೆ, ಮದ್ರಾಸು ಪ್ರಾಂತ್ಯದಲ್ಲಿ ಅದಕ್ಕಿಂತ ಮೊದ್ಲೇ 1921ರಲ್ಲಿ. ಎರಡೂ ಕಡೆ ಆಸ್ತಿ, ಕಂದಾಯ, ಓದು ಅಂತ ಷರತ್ತು ಇತ್ತು, ಅಂದ್ರೆ ತೋಟದ ಯಜಮಾನ್ತಿಗೆ ಸಿಕ್ಕಿರ್ಬೋದು, ಅದೇ ತೋಟದಲ್ಲಿ ಕೂಲಿಯವರಿಗೆ ಸಾಲಾಗಿ ಕಟ್ಟಿದ ಲೈನ್ ಮನೇಲಿದ್ದು ಕಾಫಿ ಕುಯ್ಯೋಳಿಗೆ ಎಲ್ಲಿಂದ ಬರ್ಬೇಕು? ಅವಳಿಗೆ ಓಟು ಬಂದಿದ್ದು ಸಂವಿಧಾನದಿಂದ. ನನ್ನ ಕೇಳಿದ್ರೆ ನಿಮ್ಮ ಕತೆ ಲೈನ್ ಮನೆಯಿಂದಾನೇ ಶುರುವಾಗ್ಲಿ.

ಹಳೇ ಮತದಾರರ ಪಟ್ಟಿ ಸಿಕ್ಕಿದ್ರೆ ಅಜ್ಜಿಯ ತವರಿನ ಹೆಸರು, ಗಂಡನ ಮನೇಲಿ ಇಟ್ಟ ಹೆಸರು ಎರಡನ್ನೂ ಇಟ್ಕೊಂಡು ಹುಡುಕಿ. ಮೊದಲ ಚುನಾವಣೆಗೆ ಪಟ್ಟಿ ಮಾಡುವಾಗ ಇಂಥವರ ಹೆಂಡ್ತಿ, ಇಂಥವರ ಮಗಳು ಅಂತಷ್ಟೇ ಬರೆಸಿದ ಸುಮಾರು 28 ಲಕ್ಷ ಹೆಂಗಸರನ್ನ ದೇಶದಲ್ಲಿ ಪಟ್ಟಿಯಿಂದಾನೇ ಕೈಬಿಟ್ರು, ಹೆಚ್ಚಿನದು ಉತ್ತರದ ರಾಜ್ಯಗಳಲ್ಲಿ.

ಆಮೇಲೆ ಪಂಚಾಯ್ತಿ. ಈಗಿನ ಗ್ರಾಮ ಪಂಚಾಯ್ತಿಗೂ ಮೊದ್ಲಿದ್ದ ಮಂಡಲ ಪಂಚಾಯ್ತಿಯ 1987ರ ಎಲೆಕ್ಷನ್ನಲ್ಲೇ ನಮ್ಮಲ್ಲಿ ಹೆಂಗಸರಿಗೆ ನೂರಕ್ಕೆ 25 ಸೀಟು, 1993ರ ಕಾಯ್ದೆಲಿ ಮೂರನೇ ಒಂದು ಭಾಗ, 2010ರಲ್ಲಿ ಅರ್ಧ. ಹಳೇ ಸದಸ್ಯರ ಪಟ್ಟಿನ ಪಂಚಾಯ್ತಿ ಅಧಿಕಾರಿ ಪಿಡಿಓ ಹತ್ರ ಕೇಳಿ, ಕೊಡ್ಲಿಲ್ಲ ಅಂದ್ರೆ 10 ರೂಪಾಯಿ ಪೋಸ್ಟಲ್ ಆರ್ಡರ್ ಇಟ್ಟು ಆರ್‌ಟಿಐ ಹಾಕಿ, ಅರ್ಜಿ 150 ಪದ ದಾಟದಂಗೆ. ಸ್ತ್ರೀಶಕ್ತಿ ಸಂಘದ ನಡಾವಳಿ ಪುಸ್ತಕ ಇದ್ರೆ ಅದನ್ನೂ ಬಿಡ್ಬೇಡಿ, ಆ ಯೋಜನೆ ಶುರುವಾದಾಗ ಇಲಾಖೆ ಮಂತ್ರಿ ಆಗಿದ್ದೋರು ನಮ್ಮ ಮೂಡಿಗೆರೆ ಮೋಟಮ್ಮನೋರೇ.

ಹಳೇ ಸದಸ್ಯೆ ಮನೆಗೆ ಹೋದಾಗ ಮುಂದೆ ಕೂತು ಉತ್ತರ ಕೊಡೋರು ಅವರ ಯಜಮಾನ್ರು, ಇದು ಗ್ಯಾರಂಟಿ. ಬೇಜಾರು ಮಾಡ್ಕೋಬೇಡಿ, ಅವರು ಹೇಳಿದ್ದನ್ನೂ ಬರ್ಕೊಂಡು ಕಾಫಿ ಕುಡಿದು ಬನ್ನಿ, ಯಜಮಾನ್ರು ಸಂತೆಗೆ ಹೋಗೋ ದಿನ ನೋಡ್ಕೊಂಡು ಇನ್ನೊಂದ್ಸಲ ಹೋಗಿ.